ವೈಸ್‌ನಲ್ಲಿ ವಿಷ ಇಲ್ಲ

‘ಇಂಗ್ಲಿಷಿನ ವೈಸ್ ಬಂದಿದ್ದು ನಮ್ಮ ವಿಷದಿಂದ. ಕೆಟ್ಟ ಚಟ ವಿಷ ತಾನೇ?’ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಹಿರಿಯರು ಹೇಳಿದರು. ‘ಹಾಗಾದರೆ ವೈಸ್ ಚಾನ್ಸಲರ್ರು?’ ಅಂದೆ. ನಕ್ಕು ಸಾರು ಹಾಕಿಸಿಕೊಂಡರು.

ಸದ್ದು ಒಂದೇ ಆದರೆ ಹುಟ್ಟೂ ಒಂದೇ ಅನ್ನುವ ವಾದ ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ವಿಷಕ್ಕೆ ಲ್ಯಾಟಿನ್ನಿನಲ್ಲಿ ನಿಜವಾದ ನಂಟ ಇದ್ದಾನೆ. ಅವನು ವೈರಸ್! ಲ್ಯಾಟಿನ್ನಿನಲ್ಲಿ ಹಾಗೆಂದರೂ ವಿಷವೇ. ಇಂಗ್ಲಿಷಿನ ವೈಸ್‌ಗಳೋ, ಮೂರು. ಚಾನ್ಸಲರ್ ಮುಂದಿನದಕ್ಕೆ ‘ಬದಲಿಗೆ’ ಎಂದರ್ಥ. ಸ್ಕ್ರೂ ತಿರುಗಿಸಿ ವಸ್ತುವನ್ನು ಬಿಗಿಹಿಡಿಯುವ ವರ್ಕ್‌ಶಾಪಿನ ಬೆಂಚ್ ವೈಸ್ ಲ್ಯಾಟಿನ್ನಿನ ‘ವೀಟಿಸ್’ನ ಕೂಸು, ಅಂದರೆ ದ್ರಾಕ್ಷಿ ಬಳ್ಳಿ. ಬಳ್ಳಿಯ ಕುಡಿ ಸುರುಳಿ ಸುತ್ತುತ್ತದೆ ಅಲ್ವಾ? ಹಳೆಯ ಫ್ರೆಂಚರು ಸ್ಕ್ರೂಗೆ ಅದೇ ಹೆಸರಿಟ್ಟರು. ಕೆಟ್ಟತನದ ವೈಸ್ ಮಾತ್ರ ಲ್ಯಾಟಿನ್ನಿನ ‘ವಿಟಿಯಮ್’ನಿಂದ ಬಂದದ್ದು.

ಮೂರೂ ಒಂದಾದದ್ದು ಸವೆತದಿಂದ. ಹೊಳೆಯಲ್ಲಿ ಉರುಳಿ ಉರುಳಿ ಬೇರೆ ಬೇರೆ ಬಂಡೆಯ ಚೂರುಗಳು ಒಂದೇ ಥರದ ಗುಂಡುಕಲ್ಲಾಗುತ್ತವೆ. ಕೈಯಿಂದ ಕೈಗೆ ಓಡಾಡಿದ ಹಳೇ ಬಿಲ್ಲೆಗಳ ಮುಖ ಅಳಿಸುತ್ತದೆ. ನಮ್ಮ ‘ಅರಿ’ಯನ್ನೇ ನೋಡಿ. ತಿಳಿ ಅನ್ನುವ ಅರಿಗೆ ಹಳಗನ್ನಡದಲ್ಲಿ ಬೇರೆಯೇ ಅಕ್ಷರವಿತ್ತು, ‘ಅಱಿ’. ಆ ಱ ಸವೆದುಹೋಯಿತು. ಈಗ ತಿಳಿಯುವುದೂ ಅರಿ, ಕತ್ತರಿಸುವುದೂ ಅರಿ. ಸಂಸ್ಕೃತದ ಶತ್ರುವೂ ಬಂದು ಅದೇ ಮನೆಯಲ್ಲಿ ಕೂತಿದ್ದಾನೆ.

ವಿಟಿಯಮ್‌ಗೆ ಸರಿಯಾದ ಕನ್ನಡ ಪಾಪ ಅಲ್ಲ, ದೋಷ. ಗೋಡೆಯ ಬಿರುಕು, ಮೈಯ ಊನ, ನಡತೆಯ ಕೊರತೆ, ಎಲ್ಲವೂ ಅದೇ. ಶಕುನದ ದೋಷವೂ ಅದೇ! ಕ್ರಿ.ಪೂ. 215ರಲ್ಲಿ, ರೋಮಿನ ಶತ್ರು ಸೇನಾಪತಿ ಹ್ಯಾನಿಬಲ್ ಇನ್ನೂ ಇಟಲಿಯಲ್ಲೇ ಇದ್ದಾಗ, ರೋಮನರು ಸೇನಾಪತಿ ಮಾರ್ಸೆಲಸ್‌ನನ್ನು ಕಾನ್ಸುಲ್ ಹುದ್ದೆಗೆ, ಅಂದರೆ ಇಬ್ಬರು ಒಟ್ಟಿಗೆ ಹಿಡಿಯುವ ರಾಜ್ಯದ ಅತಿ ದೊಡ್ಡ ಹುದ್ದೆಗೆ, ಆರಿಸಿದರು. ಅಧಿಕಾರ ವಹಿಸಿಕೊಳ್ಳುವಾಗ ಗುಡುಗಿತು. ಶಕುನದವರು ಆಯ್ಕೆಯಲ್ಲೇ ವಿಟಿಯಮ್ ಇದೆ ಅಂದರು. ಇಬ್ಬರು ಸಾಮಾನ್ಯ ಕುಲದವರು ಒಟ್ಟಿಗೆ ಕಾನ್ಸುಲ್ ಆಗಿದ್ದು ದೇವರಿಗೆ ಹಿಡಿಸಿಲ್ಲ ಎಂದು ದೊಡ್ಡ ಮನೆತನದವರು ಸುದ್ದಿ ಹಬ್ಬಿಸಿದರು. ಅನುಭವಿ ಸೇನಾಪತಿ ಹುದ್ದೆ ಬಿಟ್ಟ. ಕುಜದೋಷ ಅಂತ ಹೆಣ್ಣು ಬೇಡ ಅನ್ನುವವರಿಗೆ ಈ ಕಥೆ ಚೆನ್ನಾಗಿ ಅರ್ಥವಾದೀತು.

‘ವಿಷಸ್ ಸರ್ಕಲ್’ ಕೂಡ ಇದೇ ಬೇರಿನದು. ಮೊದಲು ಅದು ತರ್ಕದ ಮಾತು. ‘ಅವನು ಸುಳ್ಳು ಹೇಳಲ್ಲ, ಅವನೇ ಹೇಳಿದ್ದಾನಲ್ಲ’ ಅನ್ನುವಂಥ ದೋಷದ ಸುತ್ತು. ನಮ್ಮ ಪತ್ರಿಕೆಗಳು ಅದನ್ನು ವಿಷವರ್ತುಲ ಮಾಡಿಬಿಟ್ಟವು. ಪಂಕ್ತಿಯ ಹಿರಿಯರಿಗೆ ಇದೊಂದನ್ನು ಮಾತ್ರ ನಾನು ಹೇಳಲಿಲ್ಲ.