ದುಡ್ಡಿಗೆ ಉದ್ದ ಬರುತ್ತದೆ, ತಿಳಿವು?

2002ರಲ್ಲಿ ಗೂಗಲ್ ಒಂದು ಸೇವೆ ಶುರು ಮಾಡಿತು. ಹೆಸರು ಗೂಗಲ್ ಆನ್ಸರ್ಸ್. ಪ್ರಶ್ನೆ ಕೇಳುವವರೇ ಅದಕ್ಕೆ 2ರಿಂದ 200 ಡಾಲರ್ ಒಳಗೆ ಬೆಲೆ ಕಟ್ಟಬೇಕಿತ್ತು. ಗೂಗಲ್ ಮೊದಲೇ ಆರಿಸಿಟ್ಟುಕೊಂಡವರಲ್ಲಿ ಒಬ್ಬರು ಹುಡುಕಾಡಿ ಉತ್ತರ ಬರೆಯುತ್ತಿದ್ದರು. ದುಡ್ಡಿನಲ್ಲಿ ಮುಕ್ಕಾಲು ಪಾಲು ಅವರಿಗೆ, ಕಾಲು ಪಾಲು ಗೂಗಲ್‌ಗೆ. ಉತ್ತರ ಹಿಡಿಸಿದರೆ ಟಿಪ್ಸ್ ಬೇರೆ.

ಜಾಸ್ತಿ ಕೊಟ್ಟರೆ ಒಳ್ಳೆಯ ಉತ್ತರ ಸಿಗಬೇಕು, ಅಲ್ವಾ? ಸಂಶೋಧಕಿ ಯಾನ್ ಚೆನ್ ಮತ್ತು ಜೊತೆಗಾರರು ಅಲ್ಲೇ ಬೇರೆ ಬೇರೆ ಬೆಲೆಗೆ ಪ್ರಶ್ನೆ ಹಾಕಿ, ಬಂದ ಉತ್ತರಗಳಿಗೆ ಅಂಕ ಹಾಕಿಸಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೆಲೆ ಏರಿದಾಗ ಉತ್ತರ ಉದ್ದವಾಗಿತ್ತು, ಗುಣಮಟ್ಟ ಮಾತ್ರ ಏರಿರಲಿಲ್ಲ. ಒಳ್ಳೆಯ ಉತ್ತರ ಬಂದದ್ದು ಮೊದಲೇ ಒಳ್ಳೆಯ ಹೆಸರು ಗಳಿಸಿದ್ದವರಿಂದ. ಇದೇ ಕೊನೇ ಮಾತೇನಲ್ಲ. 2008ರಲ್ಲಿ ಇನ್ನೊಂದು ಅಧ್ಯಯನ ಬೆಲೆ ಹೆಚ್ಚಿದಷ್ಟೂ ಉತ್ತರ ಚೆನ್ನಾಗಿರುತ್ತದೆ ಎಂದಿತ್ತು. ಆದರೂ ಚೆನ್ ಹೇಳಿದ್ದೇ ನನಗೆ ನಂಬಲು ಸುಲಭ. ದುಡ್ಡು ನೋಡಿ ಇನ್ನೊಂದು ಗಂಟೆ ಕೂರಬಹುದು, ನಾಲ್ಕು ಲಿಂಕ್ ಜಾಸ್ತಿ ಹಾಕಬಹುದು. ಆ ಒಂದು ಗಂಟೆಯಲ್ಲಿ ವಿಷಯದ ಹಿಡಿತ ಬಂದುಬಿಡುವುದಿಲ್ಲ. ಹೆಸರು ಹಾಗಲ್ಲ. ಇವತ್ತು ಕೆಟ್ಟರೆ ನಾಳಿನ ಗಿರಾಕಿಗೂ ಗೊತ್ತಾಗುತ್ತದೆ.

2006ರ ಕೊನೆಗೆ ಗೂಗಲ್ ಆನ್ಸರ್ಸ್ ಹೊಸ ಪ್ರಶ್ನೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

ಹತ್ತು ವರ್ಷದ ನಂತರ, 2016ರಲ್ಲಿ, ಚೀನಾದಲ್ಲಿ ಫೆಂಡಾ ಎಂಬ ಪ್ರಶ್ನೋತ್ತರ ಸೇವೆ ಬಂತು. ಅದರ ಲೆಕ್ಕಾಚಾರ ಇನ್ನೂ ಮಜವಾಗಿತ್ತು. ಇಲ್ಲಿ ಬೆಲೆ ಕಟ್ಟುವುದು ಉತ್ತರಿಸುವವರು. ಉತ್ತರ ಬರಹದಲ್ಲಲ್ಲ, 60 ಸೆಕೆಂಡಿನೊಳಗಿನ ಧ್ವನಿಯಲ್ಲಿ. ಉಳಿದವರು ಒಂದು ಯುವಾನ್ ಕೊಟ್ಟು ಅದನ್ನು ಕದ್ದು ಕೇಳಬಹುದು! ಆ ಯುವಾನ್‌ನಲ್ಲಿ ಫೆಂಡಾ ತನ್ನ ಕಮಿಷನ್ ಹಿಡಿದು, ಉಳಿದದ್ದನ್ನು ಪ್ರಶ್ನೆ ಹಾಕಿದವರಿಗೂ ಉತ್ತರಿಸಿದವರಿಗೂ ಸಮ ಪಾಲು ಮಾಡುತ್ತಿತ್ತು. ಸಾಕಷ್ಟು ಜನ ಕದ್ದು ಕೇಳಿದರೆ, ಪ್ರಶ್ನೆ ಹಾಕಿದವರಿಗೆ ಕೊಟ್ಟ ದುಡ್ಡಿಗಿಂತ ಜಾಸ್ತಿಯೇ ವಾಪಸ್.

ಈಗ ನೋಡಿ, ಪ್ರಶ್ನೆ ಹಾಕುವವರ ಯೋಚನೆಯೇ ಬದಲಾಗಿಬಿಡುತ್ತದೆ. ನನ್ನ ಮಂಡಿನೋವಿನ ಬಗ್ಗೆ ವೈದ್ಯರನ್ನು ಕೇಳಿದರೆ ನನಗೆ ಉಪಯೋಗ, ಆದರೆ ಕದ್ದು ಕೇಳುವವರು ಎಷ್ಟು ಜನ? ಸಿರಿವಂತರ ಮಗನ ಖಾಸಗಿ ಬದುಕಿನ ಬಗ್ಗೆ ಕೇಳಿದರೆ ಸಾವಿರಾರು ಜನ ಕಿವಿಗೊಡುತ್ತಾರೆ. ಫೆಂಡಾದ ಮೊದಲ ದಿನಗಳಲ್ಲಿ ಹೆಚ್ಚು ಸುದ್ದಿಯಾದವರಲ್ಲೊಬ್ಬರು ಚೀನಾದ ಕೋಟ್ಯಧಿಪತಿಯ ಮಗ ವಾಂಗ್ ಸಿಕಾಂಗ್.

2018ರಲ್ಲಿ ಕೋರಾ ಎಂಬ ಪ್ರಶ್ನೋತ್ತರ ಜಾಲತಾಣ ಪ್ರಶ್ನೆ ಹಾಕಿದವರಿಗೇ ದುಡ್ಡು ಕೊಡತೊಡಗಿತು. ಅಲ್ಲಿ ಪೇಟೆಯ ಹೆಸರನ್ನಷ್ಟೇ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಹಾಕುವವರು ಹುಟ್ಟಿಕೊಂಡರು. ಅವರಿಗೆ ಉತ್ತರವೇ ಬೇಕಿರಲಿಲ್ಲ.