ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ಆಗಲ್ಲ: ಕಾರಿನ ಈ ಕಳ್ಳಾಟ ಹಿಡಿಯುವುದು ಹೇಗೆ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಏಳು ವರ್ಷ. ಎರಡು ತಿಂಗಳಿಂದ ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಆಗದೆ ಕೈಕೊಡುತ್ತಿದೆ. ಹತ್ತು ಹದಿನೈದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲ ಎನ್ನುವಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದಾಗ ಒಂದು ಸಲವೂ ತೊಂದರೆ ಕೊಟ್ಟಿಲ್ಲ. ಹೊಸ ಬ್ಯಾಟರಿ ಹಾಕಿಸಿದ್ದೂ ಆಯ್ತು. ಇನ್ನೇನು ಬದಲಾಯಿಸಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಬದಲಾಯಿಸಬೇಡಿ.

ಪೂರ್ತಿ ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡುವುದು ಸುಲಭ. ಆಗೊಮ್ಮೆ ಈಗೊಮ್ಮೆ ಕೆಡುವ ಕಾರು ಕಷ್ಟ. ಗ್ಯಾರೇಜಿನಲ್ಲಿ ನಿಂತಾಗ ಅದು ಕೆಟ್ಟಿರುವುದೇ ಇಲ್ಲವಲ್ಲ! ಮೆಕ್ಯಾನಿಕ್ ಏನನ್ನು ಅಳೆದರೂ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಅವರಿಗೆ ಉಳಿಯುವುದು ಊಹೆ, ಊಹೆಯ ಖರ್ಚು ನಿಮ್ಮದು. ಕಾರು ಕೈಕೊಟ್ಟ ಆ ಹತ್ತು ನಿಮಿಷ ಅದರ ಜೊತೆ ಇರುವವರು ನೀವು ಮಾತ್ರ. ಹಾಗಾಗಿ ಪತ್ತೇದಾರಿ ಕೆಲಸದಲ್ಲಿ ಅರ್ಧ ನಿಮ್ಮದೇ.

'ಸ್ಟಾರ್ಟ್ ಆಗಲ್ಲ' ಎನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಒಂದು, ಇಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟರೇ ತಿರುಗುವುದಿಲ್ಲ. ಇನ್ನೊಂದು, ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಇಂಜಿನ್ ಹಿಡಿಯುವುದಿಲ್ಲ. ಮೊದಲನೆಯದು ಬ್ಯಾಟರಿ, ಕೇಬಲ್, ಸ್ವಿಚ್, ಸೆಲ್ಫ್ ಮೋಟರ್ ಇವುಗಳ ವಿಷಯ. ಎರಡನೆಯದು ಪೆಟ್ರೋಲ್, ಕಿಡಿ, ಸೆನ್ಸರ್‌ಗಳ ವಿಷಯ. ಯಾವುದು ಎಂದು ಗೊತ್ತಾದರೆ ಅರ್ಧ ಕಾರನ್ನು ಅನುಮಾನದ ಪಟ್ಟಿಯಿಂದ ಕೈಬಿಡಬಹುದು. ನಿಮ್ಮ ಪ್ರಶ್ನೆಯಲ್ಲಿ ಅದೊಂದೇ ಇಲ್ಲ ನೋಡಿ.

ಸೆಲ್ಫ್ ತಿರುಗದಿದ್ದರೆ ಕಿವಿಗೊಟ್ಟು ಕೇಳಿ. ಟಿಕ್ ಟಿಕ್ ಟಿಕ್ ಎಂದು ಬೇಗ ಬೇಗ ಬಡಿದುಕೊಂಡರೆ ವೋಲ್ಟೇಜ್ ಸಾಲುತ್ತಿಲ್ಲ. ಸೆಲ್ಫ್ ಮೇಲಿನ ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಹರಿಸುವ ಅಯಸ್ಕಾಂತದ ಸ್ವಿಚ್) ಎಳೆದುಕೊಳ್ಳುತ್ತದೆ, ಮೋಟರ್ ಕರೆಂಟ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಬಿಟ್ಟುಬಿಡುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ. ಇದೇ ಆಟ ಸೆಕೆಂಡಿಗೆ ಹಲವು ಸಲ. ಒಂದೇ ಒಂದು ಸಲ 'ಟಕ್' ಎಂದು ಗಟ್ಟಿಯಾಗಿ ಕೇಳಿ ಸುಮ್ಮನಾದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಅಥವಾ ಮೋಟರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಏನೂ ಸದ್ದಿಲ್ಲವೇ? ಹಾಗಾದರೆ ಸೆಲ್ಫ್‌ಗೆ ಸುದ್ದಿಯೇ ತಲುಪಿಲ್ಲ. ಕೀ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಪುಟ್ಟ ಸ್ವಿಚ್), ಕ್ಲಚ್ ಸ್ವಿಚ್ ನೋಡಬೇಕು. ಆಟೋಮ್ಯಾಟಿಕ್ ಕಾರಾದರೆ ಪಾರ್ಕ್ ಬಿಟ್ಟು ನ್ಯೂಟ್ರಲ್‌ನಲ್ಲಿ ಪ್ರಯತ್ನಿಸಿ. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಕಾರಾದರೆ ಪೆಡಲ್ ಕೆಳಗೆ ಮ್ಯಾಟ್ ಸರಿದು ಬಂದಿದೆಯಾ ನೋಡಿ. ನಗಬೇಡಿ, ಮ್ಯಾಟ್ ಅಡ್ಡ ಬಂದರೆ ಪೆಡಲ್ ಪೂರ್ತಿ ಕೆಳಗಿಳಿಯದೆ ಸ್ವಿಚ್ ಒತ್ತುವುದೇ ಇಲ್ಲ.

ಈಗ ಬ್ಯಾಟರಿಯ ಮಾತು. 'ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತೆ, ಹಾಗಾಗಿ ಕರೆಂಟ್ ಸರಿ ಇದೆ' ಎಂದು ಎಲ್ಲರೂ ಹೇಳುತ್ತಾರೆ. ಅಲ್ಲೇ ಎಡವುವುದು. 55 ವಾಟ್‌ನ ಎರಡು ಬಲ್ಬ್‌ಗೆ ಸುಮಾರು 9 ಆಂಪ್ ಸಾಕು. ಸೆಲ್ಫ್ ಮೋಟರ್ 150 ಆಂಪ್ ಕೇಳುವುದು ಮಾಮೂಲಿ. ಬ್ಯಾಟರಿಯ ಗೂಟಕ್ಕೆ ಕೇಬಲಿನ ಕ್ಲ್ಯಾಂಪ್ ಕಚ್ಚುವ ಜಾಗದಲ್ಲಿ, ಅಂದರೆ ಟರ್ಮಿನಲ್ ಮೇಲೆ, ಬೂಷ್ಟಿನಂಥ ಬಿಳಿ ಪುಡಿ ಕೂತು 0.02 ಓಮ್ ಅಡ್ಡಿ ಬಂದಿದೆ ಎಂದುಕೊಳ್ಳಿ. ಲೈಟಿನ ಪಾಲಿಗೆ ಅಲ್ಲಿ ಕಳೆದುಹೋಗುವುದು 0.2 ವೋಲ್ಟ್‌ಗೂ ಕಡಿಮೆ, ಕಣ್ಣಿಗೆ ಗೊತ್ತೇ ಆಗಲ್ಲ. ಸೆಲ್ಫ್‌ನ ಪಾಲಿಗೆ ಅದೇ ಜಾಗದಲ್ಲಿ 3 ವೋಲ್ಟ್ ಮಾಯ. ಕಾರು ಅಲುಗಿದಾಗ, ಬಿಸಿಯಾದಾಗ ಆ ಅಡ್ಡಿ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. ನಿಮಗೆ ಕಾಣುವುದು 'ಇವತ್ತು ಆಯ್ತು, ನಾಳೆ ಇಲ್ಲ' ಎನ್ನುವ ಆಟ. ಹೊಸ ಬ್ಯಾಟರಿಗೆ ಹಳೇ ಕೊಳಕು ಕ್ಲ್ಯಾಂಪ್ ಸಿಕ್ಕಿಸಿದರೆ ಏನು ಬದಲಾಗುತ್ತದೆ ಹೇಳಿ?

ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಇದನ್ನು ಮನೆಯಲ್ಲೇ ನೋಡಬಹುದು. ರಾತ್ರಿಯೆಲ್ಲ ನಿಂತ ಕಾರಿನ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗಿರುತ್ತದೆ. ಆಮೇಲೆ ಮುಖ್ಯವಾದ ಅಳತೆ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟಕ್ಕೇ ಇಡಿ, ಕ್ಲ್ಯಾಂಪಿಗಲ್ಲ. ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿಯಿರಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೈ ಬೆಲ್ಟ್‌ನಿಂದ ದೂರ ಇರಲಿ. ಇನ್ನೊಬ್ಬರು ಸೆಲ್ಫ್ ಹೊಡೆದಾಗ 0.3 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥ್ ಕೇಬಲ್, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸಾಗುವ ದಾರಿ, ಸರಿಯಿಲ್ಲ. ನನ್ನ ಕಾರಿನಲ್ಲಿ ಒಮ್ಮೆ ಇದೇ ಆಗಿತ್ತು. ನಾನು ಮಾತ್ರ ಸೆಲ್ಫ್ ಮೋಟರನ್ನೇ ಬದಲಾಯಿಸಿ, ಮೂರನೇ ದಿನ ಮತ್ತೆ ದಾರಿಯಲ್ಲಿ ನಿಂತೆ. ಕೊನೆಗೆ ಸಿಕ್ಕಿದ್ದು ಇಂಜಿನ್ ಮತ್ತು ಬಾಡಿ ನಡುವಿನ ಅರ್ಥ್ ಪಟ್ಟಿಯ ತುಕ್ಕು ಹಿಡಿದ ಒಂದು ಬೋಲ್ಟ್. ಉಜ್ಜಿ ಬಿಗಿ ಮಾಡಿದೆ, ಅಷ್ಟೇ.

ಟಕ್ ಎಂದು ನಿಲ್ಲುವ ಸೆಲ್ಫ್ ಮೋಟರಿಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ತಿರುಗುತ್ತದೆ. ಅದು ರಿಪೇರಿ ಅಲ್ಲ, ಸಾಕ್ಷಿ. ತಟ್ಟಿದಾಗ ಎದ್ದಿತು ಎಂದರೆ ಮೋಟರ್ ಬಿಚ್ಚುವ ಕಾಲ ಬಂದಿದೆ.

ಇನ್ನು ಎರಡನೇ ಕಾಯಿಲೆ. ಸೆಲ್ಫ್ ರ್ರ್ರ್ ಎಂದು ಎಂದಿನಂತೆ ತಿರುಗುತ್ತಿದೆ, ಇಂಜಿನ್ ಮಾತ್ರ ಹಿಡಿಯುತ್ತಿಲ್ಲ. ನಿಮ್ಮ 'ಹದಿನೈದು ನಿಮಿಷ' ಇಲ್ಲಿ ದೊಡ್ಡ ಸುಳಿವು. ಓಡಿ ಬಂದ ಕಾರನ್ನು ನಿಲ್ಲಿಸಿದ ಮೇಲೆ ಬಾನೆಟ್ ಒಳಗಿನ ಬಿಸಿ ಕೂಡಲೇ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಏರುತ್ತದೆ. ಗಾಳಿ ನಿಂತಿರುತ್ತದೆ, ಕೂಲಂಟ್ ಓಡಾಟವೂ ನಿಂತಿರುತ್ತದೆ. ಆ ಬಿಸಿಗೆ ಸೋಲುವುದರಲ್ಲಿ ಮೊದಲನೆಯದು ಕ್ರ್ಯಾಂಕ್ ಸೆನ್ಸರ್. ಇಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ಹೇಳುವುದು ಅದೇ. ಹಲವು ಕಾರುಗಳಲ್ಲಿ ಅದರೊಳಗೆ ಕೂದಲೆಳೆಯಂಥ ತಂತಿಯ ಸುರುಳಿ ಇರುತ್ತದೆ. ತಂತಿ ಒಳಗೆ ತುಂಡಾಗಿದ್ದರೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಮತ್ತೆ ತಾಗುತ್ತದೆ. ಸುದ್ದಿ ಬರದಿದ್ದರೆ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಹಲವು ಕಾರುಗಳಲ್ಲಿ ಆಗ ಅದು ಸ್ವಲ್ಪ ಮೇಲೇಳುತ್ತದೆ. ಸರಿಯಿರುವ ದಿನ ಎದ್ದು, ಕೈಕೊಟ್ಟ ದಿನ ಸೊನ್ನೆಯಲ್ಲೇ ಮಲಗಿದ್ದರೆ ಈ ಸೆನ್ಸರ್ ಮೇಲೆ ಬಲವಾದ ಅನುಮಾನ ಇಟ್ಟುಕೊಳ್ಳಿ.

ಪೆಟ್ರೋಲ್ ಪಂಪನ್ನು ಕೇಳಿಸಿಕೊಳ್ಳುವುದು ಸುಲಭ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಸಾಮಾನ್ಯವಾಗಿ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ 'ಝುಂ' ಎನ್ನುತ್ತದೆ. ಅದು ಬರದಿದ್ದರೆ ಪಂಪ್ ಅಥವಾ ಅದರ ರಿಲೇ. ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಸದ್ದು ಬಂದೂ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾದರೆ ಎರಡು ಮೂರು ಸಲ ಕೀ ಆನ್, ಆಫ್ ಮಾಡಿ ಆಮೇಲೆ ಹೊಡೆಯಿರಿ. ಆಗ ಬೇಗ ಹಿಡಿದರೆ ಪೆಟ್ರೋಲ್ ಪೈಪಿನ ಒತ್ತಡ ಎಲ್ಲೋ ಸೋರುತ್ತಿರಬಹುದು. ಒಂದೇ ಉಸಿರಿಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಮಾತ್ರ ಬೇಡ, ಸೆಲ್ಫ್ ಸುಟ್ಟುಹೋದೀತು.

ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ಲೈಟ್ ಮಿನುಗುತ್ತಿದ್ದರೆ ಅನುಮಾನ ಇಮ್ಮೊಬಿಲೈಸರ್ ಮೇಲೆ, ಅಂದರೆ ಸರಿಯಾದ ಕೀ ಗುರುತಿಸದೆ ಕಾರನ್ನು ಸ್ಟಾರ್ಟ್ ಆಗಲು ಬಿಡದ ಕಳ್ಳತನ ತಡೆಯುವ ವ್ಯವಸ್ಥೆ. ಎರಡನೇ ಕೀ ತಂದು ನೋಡಿ, ಗೊಂಚಲಿನಲ್ಲಿ ಬೇರೆ ಕಾರಿನ ಕೀ ಇದ್ದರೆ ದೂರ ಇಡಿ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಅದು ಓದುತ್ತದೆ. ಪಿ0335 ಎಂದು ಬಂದರೆ ಅದು ಕ್ರ್ಯಾಂಕ್ ಸೆನ್ಸರಿನ ದೂರು. ಆದರೆ ಬ್ಯಾಟರಿ ಬಿಚ್ಚಿದಾಗ ಎಷ್ಟೋ ಕಾರುಗಳಲ್ಲಿ ಹಳೇ ಕೋಡ್‌ಗಳು ಅಳಿಸಿಹೋಗುತ್ತವೆ. ನಿಮ್ಮ ಕಾರಿನಲ್ಲೂ ಹೀಗಾಗಿರಬಹುದು. ಮುಂದೆ ಯಾರೇ ಬ್ಯಾಟರಿ ಬಿಚ್ಚುವುದಿದ್ದರೂ ಮೊದಲು ಕೋಡ್ ಓದಿಸಿ.

ಮುಂದಿನ ಸಲ ಕಾರು ಹಟ ಹಿಡಿದಾಗ ಮೊಬೈಲ್ ತೆಗೆದು ಡ್ಯಾಶ್‌ಬೋರ್ಡ್ ಕಾಣುವಂತೆ, ಸದ್ದು ಕೇಳುವಂತೆ ಅರ್ಧ ನಿಮಿಷದ ವಿಡಿಯೋ ಮಾಡಿ. ಎಷ್ಟು ಹೊತ್ತು ಓಡಿಸಿದ್ದಿರಿ, ನಿಲ್ಲಿಸಿ ಎಷ್ಟು ಹೊತ್ತಾಗಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಬಿಸಿಲೋ ಮಳೆಯೋ ಬರೆದಿಡಿ. ಮೂರು ಸಲದ ಟಿಪ್ಪಣಿ ಪಕ್ಕ ಪಕ್ಕ ಇಟ್ಟು ಮೆಕ್ಯಾನಿಕ್‌ಗೆ ತೋರಿಸಿ. ವಿಡಿಯೋದಲ್ಲಿ ಸೆಲ್ಫ್ ಜೋರಾಗಿ ತಿರುಗುತ್ತಿದ್ದು ಮುಳ್ಳು ಅಲುಗದಿದ್ದರೆ ಅವರು ಕ್ರ್ಯಾಂಕ್ ಸೆನ್ಸರಿನಿಂದ ಶುರು ಮಾಡಲಿ. ಬರೀ ಟಕ್ ಎಂದರೆ ಮೊದಲು ಅರ್ಥ್ ಪಟ್ಟಿಯ ಬೋಲ್ಟ್‌ನಿಂದ, ಅದು ಸರಿಯಿದ್ದರೆ ಆಮೇಲೆ ಸೆಲ್ಫ್ ಮೋಟರ್.