ಬೀಫ್ ಬೂರ್ಗಿನ್ಯೋನ್‌ಗೆ ಯಾವ ವೈನ್?

ಪ್ರಶ್ನೆ: ಬೀಫ್ ಬೂರ್ಗಿನ್ಯೋನ್, ಅಂದರೆ ಕೆಂಪು ವೈನಿನಲ್ಲಿ ನಿಧಾನವಾಗಿ ಬೇಯಿಸುವ ದನದ ಮಾಂಸ, ಮಾಡಬೇಕೆಂದಿದ್ದೇನೆ. ಯಾವ ವೈನ್ ಹಾಕಲಿ? ದುಬಾರಿ ಬಾಟಲಿ ತಂದರೆ ರುಚಿ ಹೆಚ್ಚುತ್ತದೆಯೇ?

ಹುಳಿ ಚೆನ್ನಾಗಿರುವ, ಒಗರು ಕಡಿಮೆಯಿರುವ, ಸಿಹಿಯಿಲ್ಲದ ಕೆಂಪು ವೈನ್ ಹಾಕಿ. ಪಿನೋ ನ್ವಾರ್ ಸಿಕ್ಕರೆ ಒಳ್ಳೆಯದು. ಈ ಅಡುಗೆ ಫ್ರಾನ್ಸಿನ ಬರ್ಗಂಡಿಯದು, ಅಲ್ಲಿಯ ಮುಖ್ಯ ಕೆಂಪು ದ್ರಾಕ್ಷಿ ಅದು. ಸಿಗದಿದ್ದರೆ ಬೋಜೊಲೆಯ ಗಮೇ, ಕೋತ್ ದ್ಯು ರೋನ್, ಇಲ್ಲವೇ ಮೃದುವಾದ ಮೆರ್ಲೋ. ಒಂದು ಕಿಲೋ ಮಾಂಸಕ್ಕೆ ಒಂದು ಪೂರ್ತಿ ಬಾಟಲಿ, ಅಂದರೆ 750 ಮಿ.ಲೀ. ಬೇಕು.

ಇನ್ನು ದುಬಾರಿಯ ವಿಷಯ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲವಾದ್ದರಿಂದ ಬಿಡಿಸಿಯೇ ಹೇಳುತ್ತೇನೆ. ದುಬಾರಿ ವೈನಿನಲ್ಲಿ ಜನ ಮೆಚ್ಚುವುದು ಬಹುಮಟ್ಟಿಗೆ ಅದರ ಘಮ. ಹಣ್ಣು, ಹೂವು, ಮಸಾಲೆಯ ಆ ಸೂಕ್ಷ್ಮ ವಾಸನೆಗಳು ಬೇಗ ಹಾರಿಹೋಗುವಂಥವು. ಈ ಅಡುಗೆ ಸಣ್ಣ ಉರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ ಬೇಯುತ್ತದೆ. ಅಷ್ಟರಲ್ಲಿ ಅವುಗಳಲ್ಲಿ ಹೆಚ್ಚಿನವು ಆವಿಯ ಜೊತೆ ಹೊರಟುಹೋಗುತ್ತವೆ, ಉಳಿದದ್ದು ಹುರಿದ ಮಾಂಸ, ಈರುಳ್ಳಿ, ಥೈಮ್‌ಗಳ ಪರಿಮಳದಲ್ಲಿ ಗುರುತೇ ಸಿಗುವುದಿಲ್ಲ. ಪಾತ್ರೆಯಲ್ಲಿ ಉಳಿಯುವುದು ಹುಳಿ, ಒಗರು, ಬಣ್ಣ, ಇದ್ದರೆ ಸಕ್ಕರೆ. ಅವು ಉಳಿಯುವುದಷ್ಟೇ ಅಲ್ಲ, ರಸ ಬತ್ತಿದಷ್ಟೂ ಗಾಢವಾಗುತ್ತವೆ. ಸಾರಿಗೆ ಹುಣಸೆ ಮಾಡುವ ಕೆಲಸವನ್ನೇ ಇಲ್ಲಿ ವೈನಿನ ಹುಳಿ ಮಾಡುತ್ತದೆ: ಮಾಂಸದ ಜಿಡ್ಡನ್ನು ಹದಕ್ಕೆ ತರುತ್ತದೆ. ಆ ಹುಳಿ ಸಾಧಾರಣ ಬಾಟಲಿಯಲ್ಲೂ ಬೇಕಾದಷ್ಟಿರುತ್ತದೆ.

ದುಬಾರಿ ವೈನ್ ಕೆಲವೊಮ್ಮೆ ಅಡುಗೆಯನ್ನೇ ಕೆಡಿಸುತ್ತದೆ. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಕ್ಯಾಬರ್ನೆ ಸೋವಿನ್ಯೋನ್ ಲೋಟದಲ್ಲಿ ಸೊಗಸು. ಬತ್ತಿಸಿದರೆ ಒಗರು, ಮರದ ಕಹಿ ಮೇಲೆ ಬರುತ್ತವೆ. ನಂಬದಿದ್ದರೆ ಎರಡು ಬೇರೆ ಬೆಲೆಯ ವೈನ್‌ಗಳನ್ನು ತಲಾ 200 ಮಿ.ಲೀ. ತೆಗೆದುಕೊಂಡು, ಬೇರೆ ಬೇರೆ ಪಾತ್ರೆಯಲ್ಲಿ 50 ಮಿ.ಲೀ.ಗೆ ಇಳಿಸಿ, ಚಿಟಿಕೆ ಉಪ್ಪು ಹಾಕಿ ನೆಕ್ಕಿ ನೋಡಿ. ನಾಲಿಗೆ ಒಣಗಿದಂತಾದರೆ ಆ ವೈನ್ ಅಡುಗೆಗೆ ಬೇಡ, ಬೆಲೆ ಎಷ್ಟೇ ಇರಲಿ. ಇಟಲಿಯ ಪಿಯೆಮೊಂಟೆ ಸೀಮೆಯಲ್ಲಿ ಬರೋಲೋ ವೈನಿನಲ್ಲಿ ಬೇಯಿಸುವ ದನದ ಮಾಂಸ, ಬ್ರಸಾಟೋ ಅಲ್ ಬರೋಲೋ, ಅದರ ಹೆಸರಲ್ಲೇ ದುಬಾರಿ ವೈನ್ ಇದೆಯಲ್ಲ ಎಂದು ಕೇಳುತ್ತೀರಿ. ಹೌದು, ಆದರೆ ಅದೇ ಸೀಮೆಯ ಅಗ್ಗದ ಬಾರ್ಬೆರಾ ವೈನಿನಲ್ಲೂ ಆ ಮಾಂಸ ಸೊಗಸಾಗಿ ಬೇಯುತ್ತದೆ: ಹುಳಿ ಹೆಚ್ಚು, ಒಗರು ಕಡಿಮೆ.

ಹಾಗೆಂದು ಕೆಟ್ಟದ್ದನ್ನೂ ಸುರಿಯಬೇಡಿ. ಅಮೆರಿಕದ ಅಂಗಡಿಗಳಲ್ಲಿ 'ಕುಕಿಂಗ್ ವೈನ್' ಎಂದು ಮಾರುವುದರಲ್ಲಿ ಉಪ್ಪು ಬೆರೆಸಿರುತ್ತಾರೆ. ಬತ್ತಿದಾಗ ಇಡೀ ಪಾತ್ರೆ ಉಪ್ಪಾಗುತ್ತದೆ. ನಮ್ಮಲ್ಲಿ ಪೋರ್ಟ್ ಹೆಸರಲ್ಲಿ ಸಿಗುವ ಸಿಹಿ ವೈನ್, ಕೊಡಗಿನ ಮನೆಗಳ ಸಿಹಿ ಹಣ್ಣಿನ ವೈನ್ ಕುಡಿಯಲು ಇರಲಿ. ಇಲ್ಲಿ ಹಾಕಿದರೆ ರಸ ಪಾಕದಂತಾಗುತ್ತದೆ. ವಿನೆಗರ್ ವಾಸನೆ ಬಂದದ್ದೂ ಬೇಡ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ ಅಡುಗೆಗೆ ಆಗುತ್ತದೆ.

ಮಾಂಸ ಭುಜದ್ದೋ ಕಾಲಿನದೋ ಇರಲಿ, ತುಂಡು 4-5 ಸೆಂ.ಮೀ. ಒದ್ದೆ ಮಾಂಸ ಕೆಂಪಗಾಗದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ ಸ್ವಲ್ಪಸ್ವಲ್ಪವಾಗಿ ಹುರಿದು ತೆಗೆದಿಡಿ. ತಳಕ್ಕೆ ಹಿಡಿದ ಕಂದು ಪದರವನ್ನು ವೈನ್ ಸುರಿದು ಕೆರೆದು, ಮುಚ್ಚಳವಿಲ್ಲದೆ ಅರ್ಧಕ್ಕೆ ಇಳಿಸಿ. ಆಮೇಲೆ ಮಾಂಸ, 400 ಮಿ.ಲೀ. ಸ್ಟಾಕ್ (ಮೂಳೆ ಬೇಯಿಸಿದ ನೀರು). ವೈನನ್ನು ಬತ್ತಿಸದೆ ಹಾಕಿದರೆ ಕೊನೆಗೂ ಹಸಿ ಹುಳಿ ನಿಲ್ಲುತ್ತದೆ. ಸ್ಟೀಲ್ ಅಥವಾ ಎನಾಮಲ್ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ, ಬರೀ ಕಬ್ಬಿಣ ಹುಳಿಗೆ ಕರಗಿ ಲೋಹದ ರುಚಿ ಬಿಡುತ್ತವೆ.

ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ ಎಂದುಕೊಂಡವರಿಗೂ ಒಂದು ಮಾತು: ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿದರೆ ಶೇ 35, ಒಂದು ಗಂಟೆಗೆ ಶೇ 25, ಎರಡೂವರೆ ಗಂಟೆಗೆ ಶೇ 5 ಉಳಿಯುತ್ತದೆ. ಶೇ 13ರ ಬಾಟಲಿಯಲ್ಲಿ ಸುಮಾರು 98 ಮಿ.ಲೀ. ಆಲ್ಕೋಹಾಲ್ ಇರುತ್ತದೆ, ಅಂದರೆ ಎರಡೂವರೆ ಗಂಟೆಯ ಮೇಲೆ ಇಡೀ ಪಾತ್ರೆಯಲ್ಲಿ ಉಳಿಯುವುದು ಸುಮಾರು 5 ಮಿ.ಲೀ. ಕುಕ್ಕರಿನಲ್ಲಿ ಆವಿಗೆ ಹೊರದಾರಿ ಕಡಿಮೆ, ಆ ಲೆಕ್ಕ ಅಲ್ಲಿಗೆ ಹೊಂದದು; ಮುಚ್ಚುವ ಮೊದಲೇ ಬತ್ತಿಸಿಕೊಳ್ಳಿ. ವ್ರತಕ್ಕೋ ಔಷಧಿಗೋ ಒಂದು ಹನಿಯೂ ಆಗದವರು ಮನೆಗೆ ಬಂದರೆ ವೈನ್ ಬೇಡವೇ ಬೇಡ. ವೈನಿನ ಬದಲು 650 ಮಿ.ಲೀ. ಸ್ಟಾಕ್, 100 ಮಿ.ಲೀ. ಸಕ್ಕರೆ ಹಾಕದ ದಾಳಿಂಬೆ ರಸ ಬಳಸಿ, ಇಳಿಸುವಾಗ ರುಚಿ ನೋಡಿ ನಿಂಬೆಹಣ್ಣು ಹಿಂಡಿ.